ಉಸಿರು ಕಟ್ಟಿದ ಬೆಟ್ಟ

ರಾಗಿ ಅಂಬಲಿ ಕಾಯಿಸಿದವರಿಗೆ ಇದು ಗೊತ್ತು. ನೀರುನೀರಾಗಿರುವಾಗ ಅದರದ್ದೇನೂ ತಂಟೆಯಿಲ್ಲ, ಸಾರಿನ ಹಾಗೆ ತನ್ನ ಪಾಡಿಗೆ ಕುದಿಯುತ್ತಿರುತ್ತದೆ. ಗಟ್ಟಿಯಾಗುತ್ತ ಬಂತೋ, ಮೇಲ್ಮೈ ಉಬ್ಬಿ, ಅರೆಕ್ಷಣ ತಡೆದು, ಬುಳಕ್ಕೆಂದು ಒಡೆದು ಮುಂಗೈಗೆ ಸಿಡಿಯುತ್ತದೆ. ಸೌಟು ಹಿಡಿದವರು ಹಿಂದೆ ಸರಿಯುತ್ತಾರೆ. ಒಲೆಯ ಉರಿ ಮೊದಲಿನಷ್ಟೇ ಇದೆ. ಆವಿಗೆ ಹೊರಬರುವ ದಾರಿ ಮಾತ್ರ ಕಷ್ಟವಾಗಿದೆ.

ಜ್ವಾಲಾಮುಖಿ ಯಾಕೆ ಸಿಡಿಯುತ್ತದೆ ಎಂದು ಕೇಳಿದರೆ ‘ಒಳಗೆ ಬೆಂಕಿ ಇದೆಯಲ್ಲ’ ಎನ್ನುವವರೇ ಹೆಚ್ಚು. ಹೆಸರೇ ಹಾಗಿದೆ, ಅವರ ತಪ್ಪಲ್ಲ. ಆದರೆ ಅಲ್ಲಿ ಉರಿಯುತ್ತಿರುವುದು ಏನೂ ಇಲ್ಲ. ಇರುವುದು ಕರಗಿದ ಕಲ್ಲು. ಪಠ್ಯಪುಸ್ತಕದ ‘ಶಿಲಾಪಾಕ’ ಎಂಬ ಮಾತು ನನಗೆ ಹೆಚ್ಚು ಇಷ್ಟ. ಸಕ್ಕರೆ ಪಾಕದಲ್ಲಿ ಒಂದೆಳೆ, ಎರಡೆಳೆ ಎಂದು ನೋಡುವಂತೆ ಇದರಲ್ಲೂ ತೆಳು, ಗಟ್ಟಿ ಎಂದಿದೆ. ಸಿಲಿಕಾ ಹೆಚ್ಚಿದಷ್ಟೂ ಪಾಕ ಗಟ್ಟಿ. ತೆಳುವಾಗಿದ್ದರೆ ನೆಲದ ಬಿರುಕಿನಿಂದ ಉಕ್ಕಿ ಹರಿದುಹೋಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹಾಗೆ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ ಕಲ್ಲೇ ಗೋಲಗುಮ್ಮಟದ ಗೋಡೆಯಲ್ಲಿರುವುದು. ಅದು ಸವೆದು ಪುಡಿಯಾದದ್ದೇ ವಿಜಯಪುರದ ಎರೆಮಣ್ಣು.

ಫಿಲಿಪ್ಪೀನ್ಸಿನ ಪಿನಾಟುಬೊ ಬೆಟ್ಟದಡಿ ಇದ್ದದ್ದು ಗಟ್ಟಿ ಪಾಕ. ಆ ಬೆಟ್ಟವಿರುವ ಲುಜಾನ್ ದ್ವೀಪದ ಕೆಳಕ್ಕೆ ಸಮುದ್ರತಳದ ಶಿಲಾಫಲಕ ನೀರು ಹೀರಿಕೊಂಡೇ ಜಾರಿ ಇಳಿಯುತ್ತಿದೆ. ಆಳದ ಬಿಸಿ ಕಲ್ಲಿಗೆ ಆ ನೀರು ಸೇರಿದರೆ ಕಲ್ಲು ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಹೀಗೆ ಹುಟ್ಟಿದ ಪಾಕದಲ್ಲಿ ನೀರು, ಅನಿಲ ಎರಡೂ ಕರಗಿಕೊಂಡಿರುತ್ತವೆ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಿಗಿಯಾಗಿ ಕೂತಿರುವ ತನಕ ಗುಳ್ಳೆ ಕಾಣುವುದಿಲ್ಲ. ಹೆಬ್ಬೆರಳಿನಿಂದ ಒಳಗೆ ತಳ್ಳಿದಿರೋ, ಬುಸ್ಸೆಂದು ಉಕ್ಕುತ್ತದೆ. ಇಲ್ಲಿ ಮೇಲಿನ ಬೆಟ್ಟದ ಭಾರವೇ ಗೋಲಿ. ಪಾಕ ಮೇಲೇರಿದಂತೆ ಒತ್ತಡ ತಗ್ಗಿ, ನೀರು ಆವಿಯ ಗುಳ್ಳೆಯಾಗಿ ಹಿಗ್ಗುತ್ತದೆ. ಗಟ್ಟಿ ಪಾಕ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಕಡೆಗೆ ಪಾಕವೇ ಚೂರುಚೂರಾಗಿ ಒಡೆದು ಮೇಲಕ್ಕೆ ಚಿಮ್ಮುತ್ತದೆ. ಜ್ವಾಲಾಮುಖಿಯ ‘ಬೂದಿ’ ಎಂದರೆ ಇದೇ. ಒಲೆಯ ಬೂದಿಯಲ್ಲ, ಗಾಜಿನ ಮತ್ತು ಕಲ್ಲಿನ ಪುಡಿ.

ಸುಮಾರು 500 ವರ್ಷ ಸುಮ್ಮನಿದ್ದ ಪಿನಾಟುಬೊ 1991ರ ಏಪ್ರಿಲ್ 2ರಂದು ಆವಿ ಕಾರಿತು. ಫಿಲಿಪ್ಪೀನ್ಸಿನ ಮತ್ತು ಅಮೆರಿಕದ ಭೂವಿಜ್ಞಾನಿಗಳು ಬಂದು ಕಂಪನಮಾಪಕಗಳನ್ನು ನೆಟ್ಟರು, ಬೆಟ್ಟದಿಂದ ಹೊರಡುವ ಸಲ್ಫರ್ ಡೈಆಕ್ಸೈಡನ್ನು ಅಳೆದರು. ಮೇ 13ರಂದು ದಿನಕ್ಕೆ 500 ಟನ್ ಇದ್ದದ್ದು ಮೇ 28ರ ಹೊತ್ತಿಗೆ 5,000 ಟನ್ ದಾಟಿತು. ಹೊಸ ಪಾಕ ಮೇಲೇರುತ್ತಿದೆ ಎಂಬುದು ಖಚಿತವಾಯಿತು. ಆಮೇಲೆ, ಜೂನ್ ಮೊದಲ ವಾರದಲ್ಲಿ, ಆ ಅಂಕಿ ಒಮ್ಮೆಲೇ 500ರ ಕೆಳಕ್ಕೆ ಕುಸಿಯಿತು.

ಗಂಡಾಂತರ ಕಳೆಯಿತು ಎಂದುಕೊಳ್ಳುವುದು ಸುಲಭವಿತ್ತು. ವಿಜ್ಞಾನಿಗಳು ನಿಜಕ್ಕೂ ಹೆದರಿದ್ದು ಆಗಲೇ. ಬೆಟ್ಟ ತಣಿದಿರಲಿಲ್ಲ, ಅದರ ಗಂಟಲು ಕಟ್ಟಿಕೊಂಡಿತ್ತು.

ಇದನ್ನು ಅಲ್ಲಿನ ಜನರಿಗೆ ಹೇಳುವುದು ಹೇಗೆ? ಆ ಬೆಟ್ಟ ಸಿಡಿದದ್ದನ್ನು ಯಾರ ಅಜ್ಜ, ಮುತ್ತಜ್ಜನೂ ಕಂಡಿರಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಒಂದು ವಿಡಿಯೋ. ಬದುಕಿಡೀ ಜ್ವಾಲಾಮುಖಿಗಳ ಬೆನ್ನು ಹತ್ತಿದ್ದ ಫ್ರೆಂಚ್ ದಂಪತಿ ಮೊರೀಸ್ ಮತ್ತು ಕಾಟ್ಯಾ ಕ್ರಾಫ್ಟ್ ಚಿತ್ರೀಕರಿಸಿದ್ದ ದೃಶ್ಯಗಳು ಅದರಲ್ಲಿದ್ದವು. ಕಾದ ಬೂದಿ, ಅನಿಲ, ಕಲ್ಲು ಒಟ್ಟಾಗಿ ಹೊಳೆಯಂತೆ ಇಳಿಜಾರಿನಲ್ಲಿ ನುಗ್ಗುವುದನ್ನು ಕಣ್ಣಾರೆ ಕಂಡ ಮೇಲೆ ಅನೇಕರ ಅನುಮಾನ ಕರಗಿತು. ಬೆಟ್ಟದ ಮೇಲಿದ್ದ ಐಟಾ ಬುಡಕಟ್ಟಿನವರೂ ಸೇರಿ ಹತ್ತಾರು ಸಾವಿರ ಜನ ಜಾಗ ಖಾಲಿ ಮಾಡಿದರು. ಜೂನ್ 10ರಂದು ಅಮೆರಿಕದ ಕ್ಲಾರ್ಕ್ ವಾಯುನೆಲೆಯೂ ತೆರವಾಯಿತು.

ಜೂನ್ 15ರ ಮಧ್ಯಾಹ್ನ ಗೋಲಿ ಹಾರಿತು. ಬೂದಿಯ ಕಂಬ 35 ಕಿಲೋಮೀಟರಿಗೂ ಎತ್ತರ ಎದ್ದಿತು. ಗ್ರಹಚಾರವೋ ಎಂಬಂತೆ ಅದೇ ದಿನ ಚಂಡಮಾರುತವೂ ಬಂದೆರಗಿತು. ಮಳೆ ಕುಡಿದ ಬೂದಿ ಗಾರೆಯಂತೆ ಭಾರವಾಗಿ ಛಾವಣಿಗಳನ್ನು ಕೆಡವಿತು. ಆ ದಿನ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಹಾಗೆ. ಆದರೂ ಮುನ್ನೆಚ್ಚರಿಕೆಯಿಂದ ಕನಿಷ್ಠ 5,000 ಜೀವ ಉಳಿಯಿತು ಎಂಬ ಅಂದಾಜಿದೆ. 1,745 ಮೀಟರ್ ಎತ್ತರದ ಬೆಟ್ಟ 1,486 ಮೀಟರಿಗೆ ಇಳಿಯಿತು. ಶಿಖರವಿದ್ದ ಜಾಗದಲ್ಲಿ ಈಗ ಎರಡೂವರೆ ಕಿಲೋಮೀಟರ್ ಅಗಲದ ಕುಳಿ, ಅದರೊಳಗೆ ಕೆರೆ. ಮೇಲೆ ಸೇರಿದ ಗಂಧಕದ ಮಬ್ಬು ಬಿಸಿಲನ್ನು ತಡೆದು, ಮರುವರ್ಷ ಇಡೀ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ತಗ್ಗಿತು.

ಕ್ರಾಫ್ಟ್ ದಂಪತಿಗೆ ಇದಾವುದೂ ಗೊತ್ತಾಗಲಿಲ್ಲ. ಹನ್ನೆರಡು ದಿನ ಮೊದಲು, ಜೂನ್ 3ರಂದು, ಜಪಾನಿನ ಉಂಜೆನ್ ಜ್ವಾಲಾಮುಖಿಯ ಬಳಿ ಕ್ಯಾಮೆರಾ ಹಿಡಿದು ನಿಂತಿದ್ದಾಗ ಅಂಥದ್ದೇ ಬಿಸಿಬೂದಿಯ ಹೊಳೆ ಅವರನ್ನೂ ಸೇರಿಸಿ 43 ಜನರನ್ನು ಕೊಂದಿತ್ತು.