ಸಂಘದ ದಾಖಲೆಗಳಿಗೆ ಬಿಸಿ ಅಂಟಿನ ಬೈಂಡಿಂಗ್



ಪಶುವೈದ್ಯರಾದವರು ಕಾಗದ ಕಟ್ಟುವ ವಿಷಯ ಬರೆಯುವುದೇಕೆ ಎಂದು ತಮಗೆ ಅನ್ನಿಸಬಹುದು. ಕಾರಣವಿದೆ. ಕಳೆದ ಮಳೆಗಾಲದಲ್ಲಿ ಒಂದು ಸಂಘಕ್ಕೆ ಹೋಗಿದ್ದೆ. ಅಲ್ಲಿನ ಸದಸ್ಯರೊಬ್ಬರ ಹಸುವಿಗೆ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದ್ದರೂ ಗಬ್ಬ ಕಟ್ಟಿರಲಿಲ್ಲ. ಹಸು ಸುಮಾರು 21 ದಿನಕ್ಕೆ ಮರಳಿ ಬೆದೆಗೆ ಬಂದಿದ್ದರೆ ಒಂದು ಅರ್ಥ. 30-35 ದಿನ ಕಳೆದು ಬಂದಿದ್ದರೆ ಭ್ರೂಣ ನಿಂತು ಸತ್ತಿರಬಹುದೆಂಬ ಶಂಕೆ. ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ದಿನಾಂಕ ನೋಡೋಣವೆಂದರೆ ಆ ಹಾಳೆ ತುಕ್ಕು ಹಿಡಿದ ಪಿನ್ನಿನಿಂದ ಕಳಚಿ ಎಲ್ಲಿಯೋ ಹೋಗಿತ್ತು. ಮತ್ತೊಂದು ಬೆದೆ ಕಾಯಬೇಕಾಯಿತು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ಸದಸ್ಯರ ತಲೆಗೇ ಬಂತು.

ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ, ಮೈದಾ ಅಂಟಿಗೆ ಬೂಷ್ಟು ಮತ್ತು ಹುಳು ಬರುತ್ತದೆ. ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಡತ ಮಾಡಿ, ಬಳಪದಿಂದ ಲೆಕ್ಕ ಬರೆದು ಮಡಿಸಿಡುತ್ತಿದ್ದರು. ಇಂದು ಪಟ್ಟಣದ ಅನೇಕ ಝೆರಾಕ್ಸ್ ಅಂಗಡಿಗಳಲ್ಲಿ ಬಿಸಿ ಅಂಟಿನ ಬೈಂಡಿಂಗ್, ಅಂದರೆ ಥರ್ಮಲ್ ಬೈಂಡಿಂಗ್, ಮಾಡಿಕೊಡುತ್ತಾರೆ.

ಇದು ಕೆಲಸ ಮಾಡುವ ಬಗೆ

ರಟ್ಟಿನ ಬೆನ್ನಿನ ಒಳಗಡೆ ಗಟ್ಟಿಯಾದ ಅಂಟಿನ ಪಟ್ಟಿ ಇರುತ್ತದೆ. ಇದು ಹೆಚ್ಚಾಗಿ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಜಾತಿಯ ಅಂಟು. ಹಾಳೆಗಳನ್ನು ರಟ್ಟಿನೊಳಗೆ ಇಟ್ಟು ಬೆನ್ನನ್ನು ಬಿಸಿ ತಟ್ಟೆಯ ಮೇಲೆ ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಅಂಟು ಕರಗಿ ಹಾಳೆಗಳ ಅಂಚಿಗೆ ಹಿಡಿಯುತ್ತದೆ, ಆರಿದಾಗ ಗಟ್ಟಿಯಾಗುತ್ತದೆ. ಮೈದಾ ಅಂಟಿನಂತೆ ಇದು ಹುಳುವಿಗೆ ಆಹಾರವಲ್ಲ. ಆದರೆ ಕಾಗದವನ್ನು ಹುಳು ತಿನ್ನಬಲ್ಲದು ಎಂಬುದನ್ನು ಮರೆಯಬಾರದು.

ಗಮನಿಸಬೇಕಾದ ಅಂಶಗಳು

1. ಪಿನ್ನು, ದಾರ ಎಲ್ಲವನ್ನೂ ತೆಗೆಯಿರಿ. ಎಡಗಡೆ ಒಂದು ಅಂಗುಲ ಖಾಲಿ ಇರಲಿ.

2. ಹಾಳೆಗಳು ಒಣಗಿರಬೇಕು. ತೇವದ ಹಾಳೆಯಲ್ಲಿ ಬಿಸಿ ತಾಗಿದಾಗ ಆವಿ ಎದ್ದು ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದ ಮೇಲೆ ಏಪ್ರಿಲ್‌ನಲ್ಲೇ ಈ ಕೆಲಸ ಮುಗಿಸುವುದು ಸೂಕ್ತ.

3. ಎಲ್ಲ ಹಾಳೆಗಳ ಬೆನ್ನಂಚು ಸಮನಾಗುವಂತೆ ಮೇಜಿನ ಮೇಲೆ ಕುಟ್ಟಿ ಜೋಡಿಸಿ. ಒಳಗೆ ಸರಿದ ಹಾಳೆಗೆ ಅಂಟು ಮುಟ್ಟದು. ಅದೇ ಮೊದಲು ಉದುರುತ್ತದೆ.

4. ದಪ್ಪಕ್ಕೆ ತಕ್ಕ ರಟ್ಟು ಬೇಕು. ಸಾಧಾರಣ ಝೆರಾಕ್ಸ್ ಹಾಳೆ ಹತ್ತಕ್ಕೆ ಸುಮಾರು 1 ಮಿಲಿಮೀಟರ್ ಎಂದು ಲೆಕ್ಕ ಹಿಡಿಯಿರಿ. 100 ಹಾಳೆಗೆ 10 ಮಿ.ಮೀ. ಬೆನ್ನು. ಸಡಿಲವಾದ ರಟ್ಟಿನಲ್ಲಿ ಹಾಳೆ ನಿಲ್ಲುವುದಿಲ್ಲ.

5. ಯಂತ್ರದಿಂದ ತೆಗೆದ ಮೇಲೆ ಬೆನ್ನು ಕೆಳಗಿಟ್ಟು ಪೂರ್ತಿ ಆರುವ ತನಕ ನಿಲ್ಲಿಸಿರಿ. ಅವಸರದಲ್ಲಿ ತೆರೆದರೆ ಬೆನ್ನು ಬಿಡುತ್ತದೆ. ಆರಿದ ನಂತರ ಮಧ್ಯದ ಒಂದು ಹಾಳೆಯನ್ನು ಮೆಲ್ಲಗೆ ಎಳೆದು ನೋಡಿ.

6. ಬಿಸಿ ಅಂಟು ಕೈಗೆ ತಾಗಿದರೆ ಕಿತ್ತು ತೆಗೆಯಬೇಡಿ. ಕೂಡಲೇ ತಣ್ಣೀರಿನಲ್ಲಿ ಹಿಡಿದು, ನಂತರ ವೈದ್ಯರಿಗೆ ತೋರಿಸಿ.

ಯಾವುದಕ್ಕೆ ಬೇಡ?

ದಿನನಿತ್ಯ ಬರೆಯುವ ಹಾಲಿನ ವಹಿ, ನಗದು ವಹಿ, ನಡವಳಿ ಪುಸ್ತಕಗಳಿಗೆ ಇದು ಬೇಡ. ಅವಕ್ಕೆ ದಾರದಲ್ಲಿ ಹೊಲಿದ, ಪುಟಸಂಖ್ಯೆ ಹಾಕಿದ ಪುಸ್ತಕವೇ ಸರಿ. ದಿನವೂ ಅಗಲಿಸಿ ತೆರೆದರೆ ಅಂಟಿನ ಬೆನ್ನು ಬೇಗ ಸೀಳುತ್ತದೆ. ಮೇಲಾಗಿ ಹೊಲಿದ ಪುಸ್ತಕದಿಂದ ಹಾಳೆ ಕಿತ್ತರೆ ಲೆಕ್ಕ ಪರಿಶೋಧಕರ ಕಣ್ಣಿಗೆ ಬೀಳುತ್ತದೆ.

ಜಾನುವಾರು ವಿಮೆಯ ಮೂಲ ಪತ್ರವನ್ನೂ ಅಂಟಿಸಬೇಡಿ. ಹಸು ಸತ್ತಾಗ ಅದನ್ನು ಬಿಡಿಯಾಗಿ ಹಾಜರುಪಡಿಸಬೇಕಾಗಬಹುದು. ಮೂಲ ಪತ್ರ ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿರಲಿ, ನಕಲು ಬೈಂಡಿನಲ್ಲಿರಲಿ.

ಇನ್ನೊಂದು ಮುಖ್ಯ ಎಚ್ಚರಿಕೆ. ಹಾಲು ಅಳೆಯುವ ಯಂತ್ರದಿಂದ ಬರುವ ಚೀಟಿ ಥರ್ಮಲ್ ಕಾಗದದ್ದಾಗಿದ್ದರೆ ಅದು ಬಿಸಿ ತಾಗಿದರೆ ಕಪ್ಪಾಗುತ್ತದೆ, ಹಾಗೆಯೇ ಇಟ್ಟರೂ ಕ್ರಮೇಣ ಅಕ್ಷರ ಮಾಸುತ್ತದೆ. ಅಂತಹ ಚೀಟಿಗಳ ಝೆರಾಕ್ಸ್ ತೆಗೆಸಿ, ಆ ನಕಲನ್ನೇ ಬೈಂಡ್ ಮಾಡಿಸಿ.

ಯಾವುದಕ್ಕೆ ಉತ್ತಮ?

ಬರೆದು ಮುಗಿದ ಬಿಡಿ ಹಾಳೆಗಳಿಗೆ: ಗರ್ಭಧಾರಣೆ ಮತ್ತು ಗರ್ಭ ತಪಾಸಣೆಯ ಪಟ್ಟಿ, ಕಾಲುಬಾಯಿ ಜ್ವರದ ಲಸಿಕೆ ಹಾಕಿದ ಪಟ್ಟಿ, 4ರಿಂದ 8 ತಿಂಗಳ ಹೆಣ್ಣು ಕರುಗಳ ಕಂದುರೋಗದ ಲಸಿಕೆಯ ದಾಖಲೆ, 12 ಅಂಕಿಯ ಕಿವಿಯೋಲೆ ಸಂಖ್ಯೆಗಳ ಯಾದಿ. ವರ್ಷಕ್ಕೊಂದು ಬೈಂಡ್ ಮಾಡಿ ಬೆನ್ನ ಮೇಲೆ ವರ್ಷ ಬರೆಯಿರಿ. ಗಣಕಯಂತ್ರದಲ್ಲಿ ಮಾಹಿತಿ ಇದ್ದರೂ, ಕರೆಂಟು ಹೋದ ದಿನ ಕೊಟ್ಟಿಗೆಯಲ್ಲಿ ನಿಂತು ನೋಡಲು ಕಾಗದವೇ ಬೇಕು.

ಬೈಂಡ್ ಮಾಡಿದ ಪುಸ್ತಕವನ್ನು ಒಣಗಿರಲೆಂದು ಬಚ್ಚಲ ಒಲೆಯ ಬಳಿ ಇಡಬೇಡಿ; ಬಿಸಿಗೆ ಅಂಟಿದ್ದು ಬಿಸಿಗೇ ಬಿಡುತ್ತದೆ. ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಇಡಿ.

ಮುಂದಿನ ಸಲ ತಮ್ಮ ಕೊಟ್ಟಿಗೆಗೆ ಬಂದಾಗ ಹಸುವಿನ ಜೊತೆಗೆ ಅದರ ದಾಖಲೆಯನ್ನೂ ತೋರಿಸಿ. ಹಸು ಬಾಯಿಬಿಟ್ಟು ಹೇಳಲಾರದ್ದನ್ನು ಆ ಹಾಳೆ ಹೇಳುತ್ತದೆ.