ಸರದಿಯ ಆಟ: ಒಂದು ಕಥನಪ್ರಕಾರದ ಏಳುಬೀಳು

ವಿಡಿಯೋ ಗೇಮಿನಂಥ ವಿಷಯಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸ ಎಂದು ಕೆಲವು ವಾಚಕರಾದರೂ ಕೇಳಿಯಾರು. ಪ್ರಶ್ನೆ ಸಹಜವಾದುದೇ. ಆದರೆ ನಾನಿಲ್ಲಿ ಬರೆಯಹೊರಟಿರುವುದು ಗುಂಡು ಹಾರಿಸುವ ಆಟಗಳನ್ನು ಕುರಿತಲ್ಲ. ಆಟದ ರೂಪವನ್ನು ತಾಳಿದ ಒಂದು ಕಥನಪ್ರಕಾರವನ್ನು ಕುರಿತು. ಜಪಾನಿನಲ್ಲಿ ಬೆಳೆದ ಈ ಬಗೆಯ ಆಟಗಳಿಗೆ ಜೆಆರ್‌ಪಿಜಿ ಎಂದು ಹೆಸರು. ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ವಹಿಸಿಕೊಂಡು, ಸಂಗಾತಿಗಳನ್ನು ಕೂಡಿಕೊಂಡು ಊರೂರು ಅಲೆಯುತ್ತಾನೆ, ಕಂಡವರೊಡನೆ ಮಾತನಾಡುತ್ತಾನೆ, ಶತ್ರು ಎದುರಾದಾಗ ಚದುರಂಗದಲ್ಲಿರುವಂತೆ ತನ್ನ ಸರದಿಗೆ ಕಾದು, ಯೋಚಿಸಿ, ಒಂದು ನಡೆಯನ್ನು ನಡೆಸುತ್ತಾನೆ. ಒಂದು ಕಥೆ ಮುಗಿಯಲು ನಲವತ್ತು ಐವತ್ತು ಗಂಟೆ ಹಿಡಿಯುವುದುಂಟು. ನಾಲ್ಕು ದಶಕಗಳಲ್ಲಿ ಈ ಪ್ರಕಾರವು ಆರಾಧನೆಗೂ ಅಪಹಾಸ್ಯಕ್ಕೂ ಮರಳಿ ಆದರಕ್ಕೂ ಪಾತ್ರವಾಗಿದೆ. ಆ ಏಳುಬೀಳಿನಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿಯೊಂದಿದೆ ಎಂದು ನನ್ನ ಭಾವನೆ.

ಇದರ ಬೀಜ ಜಪಾನಿನದಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಮಾತಿನಲ್ಲಿಯೇ ಕಥೆ ಕಟ್ಟುವ ಆಟ. ಆ ಕಲ್ಪನೆಯನ್ನು ಕಂಪ್ಯೂಟರಿಗೆ ತಂದವುಗಳಲ್ಲಿ ಹೆಸರಾದವು 1981ರ ‘ವಿಜರ್ಡ್ರಿ’ ಮತ್ತು ‘ಅಲ್ಟಿಮ’. ಇವೆರಡನ್ನೂ ಮೆಚ್ಚಿದ್ದ ಯೂಜಿ ಹೊರಿಯಿ, ಇವುಗಳ ಜಟಿಲತೆಯನ್ನು ಕಳೆದು, ಮಕ್ಕಳಿಗೂ ಎಟುಕುವಂತೆ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟವನ್ನು ರಚಿಸಿದರು. 1986ರ ಮೇ ತಿಂಗಳಲ್ಲಿ ಅದು ನಿಂಟೆಂಡೊ ಸಂಸ್ಥೆಯ ಮನೆಬಳಕೆಯ ಯಂತ್ರಕ್ಕೆ ಬಂದಿತು. ಚಿತ್ರ ಅಕಿರ ತೋರಿಯಾಮ ಅವರದು, ಸಂಗೀತ ಕೋಯಿಚಿ ಸುಗಿಯಾಮ ಅವರದು. ಇಡೀ ಆಟಕ್ಕೆ ದೊರೆತ ಜಾಗ 64 ಕಿಲೋಬೈಟ್. ಇಂದಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಆಟವನ್ನು ನಡುವೆ ನಿಲ್ಲಿಸಿದರೆ ಅಲ್ಲಿಯವರೆಗಿನದನ್ನು ಕಾಪಿಡುವ ಅನುಕೂಲವೂ ಇರಲಿಲ್ಲ. ಅದಕ್ಕೆ ಹೂಡಿದ ಉಪಾಯ ಇದು: ಯಂತ್ರವು ಇಪ್ಪತ್ತು ಅಕ್ಷರಗಳ ಒಂದು ‘ಪುನರುಜ್ಜೀವನ ಮಂತ್ರ’ವನ್ನು ಕೊಡುತ್ತಿತ್ತು, ಆಡುವವನು ಅದನ್ನು ಬರೆದಿಟ್ಟುಕೊಂಡು ಮರುದಿನ ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಐದು, ಏಳು, ಐದು, ಮೂರು ಎಂದು ಮಂತ್ರದ ವಿಂಗಡಣೆ. ಮೊದಲ ಮೂರು ಹೈಕುವಿನ ಅಳತೆಯವು. ಬಡತನವನ್ನು ಛಂದಸ್ಸಾಗಿ ಮಾಡಿಕೊಂಡ ಈ ಜಾಣ್ಮೆ ನನಗೆ ಬಹಳ ಮೆಚ್ಚಿಗೆಯಾದುದು.

1987ರ ಕೊನೆಯಲ್ಲಿ ಹಿರೊನೊಬು ಸಕಾಗುಚಿಯವರ ‘ಫೈನಲ್ ಫ್ಯಾಂಟಸಿ’ ಬಂದಿತು. 1988ರ ಫೆಬ್ರವರಿಯಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ನ ಮೂರನೆಯ ಕಂತು ಹೊರಬಿದ್ದದ್ದು ಒಂದು ಬುಧವಾರ, ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲುಗಟ್ಟಿದ ಹುಡುಗರನ್ನು ಪೊಲೀಸರು ವಿಚಾರಿಸಿಕೊಳ್ಳುವಂತಾಯಿತು.

ಆದರೆ ಅದೇ ಆಟಕ್ಕೆ ಅಮೆರಿಕದಲ್ಲಿ ದೊರೆತ ಸ್ವಾಗತ ತಣ್ಣಗಿನದು. ಮೊದಲ ಕಂತು 1989ರಲ್ಲಿ ಬೇರೆ ಹೆಸರಿನಿಂದ ಅಲ್ಲಿಗೆ ಹೋಯಿತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಕಡೆಗೆ ಒಂದು ಪತ್ರಿಕೆಯ ಚಂದಾದಾರರಿಗೆ ಉಚಿತವಾಗಿ ಹಂಚಲಾಯಿತು. ಪಶ್ಚಿಮದ ಬಾಗಿಲು ತೆರೆದದ್ದು 1997ರಲ್ಲಿ, ‘ಫೈನಲ್ ಫ್ಯಾಂಟಸಿ’ಯ ಏಳನೆಯ ಕಂತಿನಿಂದ. ಮೂರು ತಟ್ಟೆಗಳಷ್ಟು ವಿಸ್ತಾರದ ಆ ಕಥೆಯಲ್ಲಿ, ಆಡುವವನು ಹತ್ತಾರು ಗಂಟೆ ಜೊತೆಗೆ ಕರೆದುಕೊಂಡು ತಿರುಗಿದ ಹೂವಾಡಗಿತ್ತಿ ಏರಿಸ್ ನಡುವಿನಲ್ಲೇ ಕೊಲೆಯಾಗುತ್ತಾಳೆ. ಯಾವ ಜಾಣತನದಿಂದಲೂ ಅವಳನ್ನು ಉಳಿಸಿಕೊಳ್ಳಲಾಗದು. ಗೆಲ್ಲುವುದಕ್ಕೆಂದೇ ಕುಳಿತವನಿಗೆ ಸೋಲಲ್ಲದ, ಆದರೆ ಹಿಂದಿರುಗಿಸಲಾಗದ ನಷ್ಟವೊಂದನ್ನು ಆ ಆಟ ಕಲಿಸಿತು. ಅದನ್ನು ಆಡಿದವರು ಇಂದಿಗೂ ಆ ಸನ್ನಿವೇಶವನ್ನು ತಗ್ಗಿದ ದನಿಯಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ.

ಹತ್ತೇ ವರ್ಷಗಳಲ್ಲಿ ಗಾಳಿ ತಿರುಗಿತು. ಯಂತ್ರಗಳ ಶಕ್ತಿ ಹೆಚ್ಚಿತು. ಅದರೊಡನೆ ಆಟ ಕಟ್ಟುವ ವೆಚ್ಚವೂ ಬೆಳೆಯಿತು. 2006ರ ‘ಆಬ್ಲಿವಿಯನ್’, 2007ರ ‘ಮಾಸ್ ಎಫೆಕ್ಟ್’ ಮೊದಲಾದ ಪಾಶ್ಚಾತ್ಯ ಆಟಗಳು ಆಡುವವನಿಗೆ ಮನಬಂದತ್ತ ನಡೆಯುವ, ತನ್ನ ಆಯ್ಕೆಯಂತೆ ಮಾತನಾಡುವ ಸ್ವಾತಂತ್ರ್ಯವನ್ನು ಕೊಟ್ಟವು. ಅವುಗಳ ಪಕ್ಕದಲ್ಲಿ, ಒಂದೇ ದಾರಿಯಲ್ಲಿ ಸಾಗುವ ಕಥೆ, ಸರದಿಗೆ ಕಾಯುವ ಕಾಳಗ ಇವೆಲ್ಲ ವಿಮರ್ಶಕರಿಗೆ ಹಳಸಲಾಗಿ ಕಂಡವು. 2009ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ಯ ಹದಿಮೂರನೆಯ ಕಂತನ್ನು ಉದ್ದನೆಯ ಓಣಿಗೆ ಹೋಲಿಸಿ ನಕ್ಕವರುಂಟು. ಆಕ್ಷೇಪಣೆಯಲ್ಲಿ ಸತ್ಯವಿರಲಿಲ್ಲವೆನ್ನಲಾರೆ. ಆದರೆ ಜೆಆರ್‌ಪಿಜಿ ಎಂಬ ಹೆಸರೇ ಹೀಗಳಿಕೆಯ ಮಾತಾಯಿತೆಂಬುದು ಬೇರೆ ಸಂಗತಿ. ತಮ್ಮ ದೇಶದ ಕೆಲವು ರಚನಕಾರರಿಗೆ ಆ ಹೆಸರು ಮೂದಲಿಕೆಯಂತೆ ಕೇಳಿಸುತ್ತಿತ್ತೆಂದು ನಿರ್ಮಾಪಕ ನಾವೊಕಿ ಯೋಶಿದ 2023ರಲ್ಲಿ ಹೇಳಿದರು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. 2009ರಲ್ಲಿಯೇ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕಾಗಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ನ ಒಂಬತ್ತನೆಯ ಕಂತು ಜಪಾನಿನಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 1996ರಲ್ಲಿ ಹುಟ್ಟಿದ ‘ಪೋಕೆಮಾನ್’ ಸರದಿಯ ಆಟವಾಗಿಯೇ ಲೋಕವನ್ನೆಲ್ಲ ಸುತ್ತುತ್ತಿತ್ತು. ಹಾಗಾದರೆ ‘ಜನಪ್ರಿಯತೆ ಕುಂದಿತು’ ಎಂದವರು ನೋಡಿದ್ದು ಯಾರ ಮನೆಯ ಪಡಸಾಲೆಯನ್ನು? ಒಂದು ದೇಶದ ಮಾರುಕಟ್ಟೆಯ ತೀರ್ಮಾನವು ಒಂದು ಪ್ರಕಾರದ ಜಾತಕವಾಗಿಬಿಡುವುದು ನಮಗೆ ಅಪರಿಚಿತವಲ್ಲ. ಪರಭಾಷೆಯ ಓದುಗರ ಮೆಚ್ಚುಗೆಯನ್ನೇ ಅಳತೆಗೋಲಾಗಿ ಇರಿಸಿಕೊಂಡ ಲೇಖಕರ ಪಾಡೂ ಇದೇ.

ಮತ್ತೆ ಕಾಲ ಹೊರಳಿತು. 2016ರ ‘ಪರ್ಸೋನ’ದ ಐದನೆಯ ಕಂತಿನ ಜೀವಾಳ ಟೋಕಿಯೊ ನಗರದ ಶಾಲಾಬಾಲಕರ ದಿನಚರಿ. ಅದು ಪಶ್ಚಿಮಕ್ಕಾಗಿ ವೇಷ ಬದಲಿಸಲಿಲ್ಲ. ಪಶ್ಚಿಮವೇ ಅದನ್ನು ಅಪ್ಪಿಕೊಂಡಿತು. ಹಿಡೆಟಾಕ ಮಿಯಾಜಾಕಿಯವರ ‘ಎಲ್ಡನ್ ರಿಂಗ್’ 2022ರಲ್ಲಿ ಬಂದು, ಸರದಿಯನ್ನು ಬಿಟ್ಟ ಬೇರೊಂದು ಕವಲಿನಲ್ಲಿ, ಒಂದೇ ವರ್ಷದಲ್ಲಿ ಎರಡು ಕೋಟಿ ಪ್ರತಿಗಳನ್ನು ಮುಟ್ಟಿತು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಮುಂದಿದೆ. 2023ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಹದಿನಾರನೆಯ ಕಂತು, ಅದೇ ಯೋಶಿದರ ನಿರ್ಮಾಣದಲ್ಲಿ, ಸರದಿಯನ್ನು ಪೂರ್ತಿಯಾಗಿ ಕೈಬಿಟ್ಟಿತು. ಎರಡು ವರ್ಷ ಕಳೆಯುವುದರೊಳಗೆ, 2025ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ಮೊಂಪೆಲಿಯೆ ನಗರದ ಒಂದು ಚಿಕ್ಕ ತಂಡವು ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಎಂಬ ಆಟವನ್ನು ಹೊರತಂದಿತು. ಆ ಆಟ ನಿಂತಿರುವುದೇ ಸರದಿಯ ಮೇಲೆ. ಶತ್ರುವಿನ ಏಟನ್ನು ತಪ್ಪಿಸುವಲ್ಲಿ ಮಾತ್ರ ಕ್ಷಣದ ಚುರುಕನ್ನು ಬೇಡುತ್ತದೆ. ತಾವು ಜಪಾನಿನ ಆಟಗಳ ಋಣಿಗಳೆಂದು ಆ ತಂಡದವರು ಮುಚ್ಚಿಡಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಮನ್ನಣೆ ಅದಕ್ಕೇ ಸಂದಿತು. ತವರಿನವರು ಹಳತೆಂದು ಇಳಿಸಿದ್ದನ್ನು ಹೊರಗಿನವರು ಆಸ್ತಿಯೆಂದು ಎತ್ತಿಕೊಂಡಿದ್ದರು.

ಹಾಗಾದರೆ ಸರದಿಯ ಬೆಲೆಯೇನು? ನನಗೆ ತೋರುವುದಿಷ್ಟು. ಬೇರೆ ಆಟಗಳು ನಮ್ಮ ಬೆರಳುಗಳನ್ನು ಅವಸರಪಡಿಸುತ್ತವೆ. ಸರದಿಯ ಆಟವಾದರೋ ನಾವು ತೀರ್ಮಾನಿಸುವವರೆಗೆ ಕಾಯುತ್ತದೆ. ಪುಸ್ತಕವನ್ನು ಎದೆಯ ಮೇಲೆ ಮಗುಚಿ ಇಟ್ಟು ಸ್ವಲ್ಪ ಹೊತ್ತು ಸೂರು ನೋಡುವ ಓದುಗನಿಗೆ ಈ ಬಿಡುವಿನ ಬೆಲೆ ಗೊತ್ತು. ಯಂತ್ರದ ಬಡತನಕ್ಕೆ ಹೊಂದಿದ ನಿಯಮವೆಂದು ಸರದಿಯನ್ನು ಕಂಡವರು, ಯಂತ್ರ ಸಿರಿವಂತವಾದೊಡನೆ ಅದನ್ನು ಬಿಸುಡಬೇಕೆಂದರು. ಓಲೆಗರಿ ಹೋಗಿ ಅಚ್ಚಿನ ಕಾಗದ ಬಂದರೂ ಛಂದಸ್ಸು ತನ್ನ ಕೆಲಸವನ್ನು ಬಿಡಲಿಲ್ಲವಷ್ಟೆ.

ಅಮೆರಿಕದ ದಾಳ ಜಪಾನಿನಲ್ಲಿ ಮಂತ್ರವಾಯಿತು. ಆ ಮಂತ್ರವೀಗ ಫ್ರೆಂಚರ ಬಾಯಲ್ಲಿದೆ. ಮುಂದಿನ ಸರದಿ ಯಾರದೋ!