ಎಂಜಿನ್ ಎಣ್ಣೆಯೊಳಗಿನ ಕಾಣದ ಪೊರೆ

ರಾಯದುರ್ಗ, ಮಡಕಶಿರಾ ಎಂಬ ಹೆಸರುಗಳು ಗಡಿನಾಡ ಕನ್ನಡಿಗರಿಗೆ ಹೊಸವಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯದಾಯಿತು. ಅದೇ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಲ್ಲಿಯೂ ನಮ್ಮಂತೆಯೇ, ಮನೆಯ ಮಾತು ಕನ್ನಡವಾದರೆ ಕಚೇರಿಯ ಮಾತು ಬೇರೆ. ಮಳೆಯಲ್ಲಿ ಮಾತ್ರ ಅಜಗಜಾಂತರ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಅಲ್ಲಿ 550ರ ಆಸುಪಾಸು.

ನಾವು ನೆಲಗಡಲೆ ಎನ್ನುವ ಶೇಂಗಾ ಅಲ್ಲಿಯ ಮುಖ್ಯ ಬೆಳೆ. ಮಳೆ ಬಿದ್ದು ನೆಲ ಹದವಾಗಿರುವ ನಾಲ್ಕಾರು ದಿನಗಳಲ್ಲೇ ಉಳುಮೆ, ಬಿತ್ತನೆ ಮುಗಿಯಬೇಕು. ಆಗ ಟ್ರ್ಯಾಕ್ಟರಿನ ಎಂಜಿನ್ ಕೈಕೊಟ್ಟರೆ ರಿಪೇರಿ ಖರ್ಚಿನ ಜೊತೆಗೆ ಆ ವರ್ಷದ ಬೆಳೆಯೂ ಹೋದಂತೆ. ಆದುದರಿಂದ ಎಂಜಿನ್ನಿಗೆ ಹಾಕುವ ಎಣ್ಣೆಯ ವಿಚಾರವನ್ನು ಮೆಕ್ಯಾನಿಕ್ಕಿನ ತಲೆಗೇ ಕಟ್ಟಿ ಸುಮ್ಮನಿರುವುದು ಸರಿಯಲ್ಲ.

ಎಣ್ಣೆ ಮಾಡುವ ಕೆಲಸವಾದರೂ ಏನು? ಬೇರಿಂಗಿನೊಳಗೆ ದಂಡವು ವೇಗವಾಗಿ ತಿರುಗುವಾಗ ತಾನೇ ಎಣ್ಣೆಯನ್ನು ಸೆಳೆದುಕೊಂಡು, ಅದರ ಮೇಲೆ ತೇಲುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೋಶಾಂಪ್ ಟವರ್ ಪ್ರಯೋಗದಿಂದ ಇದನ್ನು ಕಂಡರು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಕೊಟ್ಟರು. ಹೀಗೆ ತೇಲುತ್ತಿರುವಷ್ಟು ಹೊತ್ತು ಸವೆತವಿಲ್ಲ. ಆದರೆ ಎಂಜಿನ್ ಚಾಲೂ ಮಾಡುವ ಗಳಿಗೆಯಲ್ಲಿ, ಕ್ಯಾಮ್ ಬಂದು ಒತ್ತುವ ಜಾಗದಲ್ಲಿ, ಪಿಸ್ಟನ್ ಮೇಲ್ತುದಿ ಮುಟ್ಟಿ ಹಿಂತಿರುಗುವಾಗ ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಉಕ್ಕು ಸೂಕ್ಷ್ಮದರ್ಶಕದಲ್ಲಿ ರಾಯದುರ್ಗದ ಬೆಟ್ಟಗಳಂತೆಯೇ ಕಾಣುವುದು. ಆ ಮೊನೆಗಳು ಒಂದಕ್ಕೊಂದು ಬೆಸೆದುಕೊಂಡು ಕಿತ್ತುಹೋಗುವುದೇ ಸವೆತ.

ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಎತ್ತು ಹೂಡುತ್ತಿರಲಿಲ್ಲ. ಹರಳೆಣ್ಣೆಯ ಅಣುಗಳಿಗೆ ಲೋಹವನ್ನು ಹಿಡಿದುಕೊಳ್ಳುವ ಗುಣವಿದೆ. ಒಂದನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೆ ಹಾಕಿದ್ದೂ ಹರಳೆಣ್ಣೆಯೇ. ಆದರೆ ಬಿಸಿಗೆ ಅದು ಅಂಟಂಟಾಗುತ್ತದೆ.

ಇಂದಿನ ಎಣ್ಣೆಯಲ್ಲಿ ಆ ಕೆಲಸಕ್ಕೆ ಸತು, ರಂಜಕ, ಗಂಧಕಗಳು ಕೂಡಿದ ಒಂದು ಸಂಯುಕ್ತವನ್ನು ಬೆರೆಸುತ್ತಾರೆ. ಅದರ ಉದ್ದನೆಯ ಹೆಸರು ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. 1940ರ ದಶಕದಲ್ಲಿ ಇದನ್ನು ಬಳಕೆಗೆ ತಂದದ್ದು ಎಣ್ಣೆ ಕೆಡದಿರಲಿ, ಬೇರಿಂಗ್ ತುಕ್ಕಿಗೆ ಬಲಿಯಾಗದಿರಲಿ ಎಂದು. ಸವೆತ ತಡೆಯುವ ಶಕ್ತಿ ಆಮೇಲೆ ಗೊತ್ತಾಯಿತು. ಒತ್ತಡ, ಬಿಸಿ, ಉಜ್ಜಾಟ ಕೂಡಿದ ಕಡೆ ಈ ವಸ್ತು ಒಡೆದು, ಲೋಹದ ಮೇಲೆ ಗಾಜಿನಂಥ ಪೊರೆಯಾಗಿ ಕೂರುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಉಕ್ಕಿನ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಹುಟ್ಟುತ್ತದೆ. ಹೀಗೆ ಸವೆದು ಹುಟ್ಟುವಾಗಲೆಲ್ಲ ಎಣ್ಣೆಯೊಳಗಿನ ದಾಸ್ತಾನು ಕರಗುತ್ತಾ ಹೋಗುತ್ತದೆ.

ಸವೆತ ಬೇರೆ, ಘರ್ಷಣೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸತುವಿನ ಪೊರೆ ಸವೆತ ತಡೆದರೂ ಘರ್ಷಣೆಯನ್ನು ಅಷ್ಟಾಗಿ ಇಳಿಸುವುದಿಲ್ಲ. ಅದಕ್ಕೆ ಮಾಲಿಬ್ಡಿನಮ್ ಮುಂತಾದುವುಗಳ ಬೇರೆ ಬೆರಕೆಗಳಿವೆ. ಇಂಥ ಬೆರಕೆಯುಳ್ಳ ಕಾರಿನ ಎಣ್ಣೆಯನ್ನು ಮೋಟಾರ್ ಸೈಕಲಿಗೆ ಸುರಿದರೆ, ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಜಾರತೊಡಗಬಹುದು.

"ಎಣ್ಣೆ ಇನ್ನೂ ಚೆನ್ನಾಗಿದೆಯಲ್ಲ" ಎಂದು ಬೆರಳಿಗೆ ಹಚ್ಚಿ ನೋಡುವವರುಂಟು. ಬಣ್ಣ ನೋಡಿ ಇದನ್ನು ಹೇಳಲಾಗದು. ಡೀಸೆಲ್ ಎಂಜಿನ್ನಿನ ಎಣ್ಣೆ ಮಸಿಯಿಂದ ಬೇಗನೆ ಕಪ್ಪಾಗುತ್ತದೆ, ಅದು ಕೆಟ್ಟಿತೆಂದು ಅರ್ಥವಲ್ಲ. ಕಪ್ಪಾಗದ ಎಣ್ಣೆಯಲ್ಲಿ ಬೆರಕೆ ಉಳಿದಿದೆಯೆಂದೂ ಅಲ್ಲ. ಕೈಪಿಡಿಯಲ್ಲಿ ಹೇಳಿದ ಗಂಟೆಗಳ ಲೆಕ್ಕವೇ ಗತಿ. ಟ್ರ್ಯಾಕ್ಟರಿನ ಮೀಟರ್ ಅದನ್ನು ತೋರಿಸುತ್ತದೆ; ಮೀಟರಿಲ್ಲದ ಪಂಪಿನ ಎಂಜಿನ್ನಿಗೆ ಪಂಪುಮನೆಯ ಗೋಡೆಯೂ ಸೀಮೆಸುಣ್ಣವೂ ಸಾಕು.

ಬಯಲುಸೀಮೆಯಲ್ಲಿ ಧೂಳಿನ ಕಾಟ ಬೇರೆ. ಕಲ್ಲಿನ ಕಣ ಉಕ್ಕನ್ನೇ ಕೊರೆಯುವುದರಿಂದ ಅದರೆದುರು ಯಾವ ಪೊರೆಯೂ ನಿಲ್ಲದು. ಅಲ್ಲಿ ಗಾಳಿಯ ಫಿಲ್ಟರನ್ನು ಶುಚಿಯಾಗಿಡುವುದೇ ಅರ್ಧ ರಕ್ಷಣೆ. ಅಂಗಡಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಸಿಗುವ "ಎಂಜಿನ್ ಟಾನಿಕ್"ಗೆ ಹಣ ಸುರಿಯುವ ಬದಲು ಆ ದುಡ್ಡನ್ನು ಫಿಲ್ಟರಿಗೆ ಕೊಡುವುದು ಲೇಸು. ತಕ್ಕ ದರ್ಜೆಯ ಎಣ್ಣೆಯಲ್ಲಿ ಬೇಕಾದ ಬೆರಕೆ ಮೊದಲೇ ಇರುತ್ತದೆ. ಹೆಚ್ಚು ಬೆರೆಸಿದರೆ ಅಳತೆ ಕೆಡುತ್ತದೆ.

ಇನ್ನು, ಇಳಿಸಿದ ಹಳೆಯ ಎಣ್ಣೆಯನ್ನು ಹೊಲದ ಮೂಲೆಗೆ ಚೆಲ್ಲುವ ಅಭ್ಯಾಸ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅದು ಇಂಗಿ ಬಾವಿ ಸೇರಬಹುದು. ಡಬ್ಬಿಯಲ್ಲಿ ತುಂಬಿಟ್ಟು, ಹಳೆ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಟ್ಟರೆ ನಾಲ್ಕು ಕಾಸೂ ಬರುತ್ತದೆ.